ಕಪ್ಪೆಚಿಪ್ಪಿನ ಹೊಟ್ಟೆಯೊಳಗೆ ಕರಿ ಆಯಿಲ್

ಬೇಸಿಗೆಯಲ್ಲಿ ತುಂಗಭದ್ರೆಯ ನೀರು ಇಳಿದ ಮೇಲೆ ಆನೆಗೊಂದಿ ಕಡೆ ಹೊಳೆದಂಡೆಗೆ ಹೋದರೆ ಮರಳಿನಲ್ಲಿ ಕಪ್ಪೆಚಿಪ್ಪು ಸಿಗುತ್ತವೆ. ಹೊರಗಡೆ ಕಂದು ಬಣ್ಣ, ಒಳಗಡೆ ಮುತ್ತಿನಂಥ ಹೊಳಪು. ನಮ್ಮ ಕಡೆ ಹಿರಿಯರು ಸಿಂಪಿ ಅಂತಲೂ ಕರೀತಾರೆ. ಮಕ್ಕಳು ಆರಿಸಿಕೊಂಡು ಬಂದು ಕಿಟಕಿಯಲ್ಲಿ ಸಾಲಾಗಿ ಇಡ್ತವೆ. ಆದರೆ ಕೈಗೆ ಸಿಕ್ಕಿದ್ದು ಖಾಲಿ ಮನೆ ಮಾತ್ರ. ಆ ಮನೆಯೊಳಗೆ ಇದ್ದ ಜೀವ ಏನು ತಿಂತಿತ್ತು, ಯಾಕೆ ಸತ್ತಿತು ಅಂತ ಯಾರೂ ಕೇಳೋದಿಲ್ಲ. ಅದಕ್ಕೆ ಕಣ್ಣಿಲ್ಲ, ತಲೆ ಇಲ್ಲ, ಓಡಲು ಕಾಲಿಲ್ಲ. ಹೊಳೆಗೆ ಏನು ಬಂದರೂ ಅದು ಇದ್ದಲ್ಲೇ ಇದ್ದು ಕುಡೀಬೇಕು.

ಹಾಗೆ ಬರುವ ವಸ್ತುಗಳಲ್ಲಿ ಒಂದು ಎಣ್ಣೆ. (ಬೇರೆ ಎಣ್ಣೆ ಅಲ್ಲ ಮಾರಾಯ್ರೇ, ಡೀಸೆಲ್, ಇಂಜಿನ್ ಆಯಿಲ್, ಹಡಗಿನ ಇಂಧನದ ಎಣ್ಣೆ.) ಎಣ್ಣೆ ಮಾಲಿನ್ಯ ಅಂದ ಕೂಡಲೇ ನಮಗೆ ಸಮುದ್ರ, ಮುಳುಗಿದ ಹಡಗು, ಕಪ್ಪು ಮೆತ್ತಿದ ಹಕ್ಕಿ ನೆನಪಾಗುತ್ತೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಮಗೂ ಅದಕ್ಕೂ ಏನು ಸಂಬಂಧ ಅನ್ನಿಸೋದು ಸಹಜ. ಸಂಬಂಧ ಇದೆ. ಅದಕ್ಕೆ ಮೊದಲು ಈ ಪ್ರಾಣಿ ಹೇಗೆ ಬದುಕುತ್ತೆ ಅಂತ ನೋಡಬೇಕು.

ಗಂಟೆಗೆ ಒಂದು ಲೀಟರ್

ಎರಡು ಚಿಪ್ಪಿನ ಜೀವಿಗಳೆಲ್ಲ, ಅಂದರೆ ಹೊಳೆಯ ಕಪ್ಪೆಚಿಪ್ಪು, ಮಂಗಳೂರು ಕಡೆಯ ಮರುವಾಯಿ ಮತ್ತು ಪಚ್ಚಿಲೆ, ಕಾರವಾರದ ತಿಸ್ರ್ಯೊ, ಕುಮಟಾದ ಬಳಚು, ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಒಂದು ಕೊಳವೆಯಿಂದ ನೀರು ಒಳಗೆ ಎಳೀತಾವೆ. ಕಿವಿರಿನ ಮೇಲಿರುವ ಸಾವಿರಾರು ಸಣ್ಣ ಕೂದಲು ಬಡಿದುಕೊಂಡು ಪಾಚಿಯ ಕಣಗಳನ್ನು ಹಿಡಿದು ಬಾಯಿಗೆ ಸಾಗಿಸುತ್ತವೆ. ಉಳಿದ ನೀರು ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತೆ. ಒಂದು ದೊಡ್ಡ ಪಚ್ಚಿಲೆ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರು ಸೋಸಬಲ್ಲದು. ಮನೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಗೋಡೆಗೆ ಹಾಕಿಸಿದ ಫಿಲ್ಟರ್ ಮಾಡುವ ಕೆಲಸವನ್ನೇ ಇವು ಪುಕ್ಕಟೆ ಮಾಡ್ತಿರ್ತಾವೆ. ವ್ಯತ್ಯಾಸ ಇಷ್ಟೇ: ನಮ್ಮ ಫಿಲ್ಟರಿನ ಕ್ಯಾಂಡಲ್ ಬದಲಿಸಬಹುದು, ಇದರ ಕ್ಯಾಂಡಲ್ ಅಂದರೆ ಅದರ ಕಿವಿರು, ಅದರ ಮೈ.

ನೀರಿಗೆ ಎಣ್ಣೆ ಬಿದ್ದರೆ ಅದು ಮೊದಲು ಮಾಡೋದು ಬಾಗಿಲು ಹಾಕೋದು. ಎರಡೂ ಚಿಪ್ಪು ಬಿಗಿಯಾಗಿ ಮುಚ್ಚಿ ಕೂರುತ್ತೆ. ಒಂದೆರಡು ದಿನ ಹೀಗೆ ತಡೀಬಹುದು. ಆದರೆ ಬಾಗಿಲು ಹಾಕಿದರೆ ಊಟ ಇಲ್ಲ, ಸರಿಯಾಗಿ ಉಸಿರಾಟವೂ ಇಲ್ಲ. ಕೊನೆಗೆ ತೆರೆಯಲೇಬೇಕು. ತೆರೆದಾಗ ಎಣ್ಣೆಯ ಸಣ್ಣ ಹನಿಗಳು ಕಿವಿರಿಗೆ ಅಂಟುತ್ತವೆ, ಕೂದಲಿನ ಬಡಿತ ನಿಧಾನವಾಗುತ್ತೆ, ಸೋಸುವ ಪ್ರಮಾಣ ಇಳಿಯುತ್ತೆ. ತಿನ್ನೋದು ಕಡಿಮೆ, ವಿಷದ ಜೊತೆ ಹೋರಾಡೋಕೆ ಖರ್ಚು ಜಾಸ್ತಿ. ತಿಂಗಳ ಸಂಬಳ ಅರ್ಧ ಮಾಡಿ ಬಾಡಿಗೆ ಏರಿಸಿದಂಗೆ. ಬೆಳವಣಿಗೆಗೆ ಅಂತ ಉಳಿಯೋದು ಏನೂ ಇಲ್ಲ. ವಿಜ್ಞಾನಿಗಳು ಈ ಉಳಿತಾಯವನ್ನೇ ಅಳೆದು ಪ್ರಾಣಿಯ ಆರೋಗ್ಯ ಹೇಳ್ತಾರೆ. ಎಣ್ಣೆಯ ನೀರಿನಲ್ಲಿ ಅದು ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಅಂದರೆ ಪ್ರಾಣಿ ತನ್ನ ಮೈಯನ್ನೇ ಕರಗಿಸಿಕೊಂಡು ಬದುಕುತ್ತಿರುತ್ತೆ. ಹೊರಗಿನಿಂದ ನೋಡಿದರೆ ಚಿಪ್ಪು ಗಟ್ಟಿಯಾಗೇ ಇರುತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಎಣ್ಣೆಯೊಳಗಿರುವ ಪಿಎಎಚ್ ಅನ್ನೋ ರಾಸಾಯನಿಕಗಳ ಗುಂಪಿನದು. ಪೂರ್ತಿ ಹೆಸರು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್. ಇವುಗಳಲ್ಲಿ ಕೆಲವು ಮನುಷ್ಯರಿಗೆ ಕ್ಯಾನ್ಸರ್ ತರುವಂಥವು. ಮೀನಿನ ಯಕೃತ್ತಿಗೆ ಇವನ್ನು ಒಡೆದು ಹೊರಗೆ ಹಾಕುವ ಶಕ್ತಿ ಚೆನ್ನಾಗಿದೆ. ಕಪ್ಪೆಚಿಪ್ಪಿನ ಬಳಗಕ್ಕೆ ಆ ಶಕ್ತಿ ಬಹಳ ಕಡಿಮೆ. ಹಾಗಾಗಿ ಒಳಗೆ ಹೋದದ್ದು ಕೊಬ್ಬಿನಲ್ಲಿ ಕೂತುಬಿಡುತ್ತೆ. ಸುತ್ತಲಿನ ನೀರಿನಲ್ಲಿ ಅಳೆಯೋಕೂ ಸಿಗದಷ್ಟು ಕಡಿಮೆ ಇದ್ದರೂ ಪ್ರಾಣಿಯ ಮಾಂಸದಲ್ಲಿ ಸಾವಿರ ಪಟ್ಟು ಹೆಚ್ಚು ಸಿಗಬಹುದು.

ಇದರ ರಕ್ತಕಣಗಳ ಕಥೆ ನನಗೆ ತುಂಬಾ ಹಿಡಿಸಿತು. ನಮ್ಮ ಬಿಳಿ ರಕ್ತಕಣದ ಹಾಗೆ ಇವಕ್ಕೂ ರೋಗಾಣು ನುಂಗುವ ಕಣಗಳಿವೆ. ಆ ಕಣದೊಳಗೆ ಕಸ ಜೀರ್ಣ ಮಾಡುವ ಚೀಲಗಳಿರುತ್ತವೆ. ಪರೀಕ್ಷೆ ಮಾಡುವವರು ಒಂದು ಕೆಂಪು ಬಣ್ಣ ಹಾಕಿ ಆ ಚೀಲ ಎಷ್ಟು ಹೊತ್ತು ಬಣ್ಣ ಹಿಡಿದಿಟ್ಟುಕೊಳ್ಳುತ್ತೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಆರೋಗ್ಯವಂತ ಪ್ರಾಣಿಯಲ್ಲಿ ಚೀಲ ಬಹಳ ಹೊತ್ತು ಸೋರುವುದಿಲ್ಲ. ಎಣ್ಣೆ ಕುಡಿದದ್ದರಲ್ಲಿ ಬೇಗ ಸೋರುತ್ತೆ. ಪ್ರಾಣಿ ಸಾಯೋಕೆ ಎಷ್ಟೋ ಮೊದಲೇ ಅಪಾಯದ ಸುಳಿವು ಕೊಡುವ ಪರೀಕ್ಷೆ ಇದು. ರಕ್ತಕಣ ಹೀಗೆ ಬಸವಳಿದರೆ, ಮಾಮೂಲಿ ದಿನಗಳಲ್ಲಿ ಏನೂ ಮಾಡದ ಬ್ಯಾಕ್ಟೀರಿಯಾವೂ ಆಮೇಲೆ ಕೊಲ್ಲಬಹುದು. ಸಾವಿನ ಲೆಕ್ಕದಲ್ಲಿ ಎಣ್ಣೆಯ ಹೆಸರು ಬರೋದೇ ಇಲ್ಲ.

ಮೊಟ್ಟೆ, ಮರಿಗಳು ಇನ್ನೂ ನಾಜೂಕು. ಸಮುದ್ರದ ಚಿಪ್ಪುಜೀವಿಗಳು ಮೊಟ್ಟೆ, ವೀರ್ಯ ಎರಡನ್ನೂ ನೀರಿಗೇ ಬಿಡುತ್ತವೆ. ಒಂದೆರಡು ದಿನದಲ್ಲಿ ಮರಿಗೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಪುಟ್ಟ ಚಿಪ್ಪು ಬರಬೇಕು. ಎಣ್ಣೆ ಬೆರೆತ ನೀರಿನಲ್ಲಿ ಆ ಆಕಾರ ಸೊಟ್ಟಗಾಗುತ್ತೆ. ಅಂಥ ಮರಿ ಉಳಿಯೋದಿಲ್ಲ. ದೊಡ್ಡವು ಸಾಯದೇ ಇದ್ದರೂ ಎರಡು ವರ್ಷ ಬಿಟ್ಟು ಆ ಜಾಗದಲ್ಲಿ ಹೊಸ ಪೀಳಿಗೆಯೇ ಕಾಣದೆ ಇರಬಹುದು.

1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನೋ ಅಮೆರಿಕದ ವಿಜ್ಞಾನಿ ಇದೇ ದೌರ್ಬಲ್ಯವನ್ನು ಉಪಯೋಗ ಮಾಡಿಕೊಳ್ಳೋಣ ಅಂದ. ಕರಾವಳಿಯುದ್ದಕ್ಕೂ ಚಿಪ್ಪುಜೀವಿಗಳನ್ನು ಹಿಡಿದು ಪರೀಕ್ಷಿಸಿದರೆ ಎಲ್ಲಿ ಯಾವ ವಿಷ ಇದೆ ಅಂತ ಗೊತ್ತಾಗುತ್ತೆ ಅನ್ನೋದು ಅವನ ಲೆಕ್ಕ. ‘ಮಸಲ್ ವಾಚ್’ ಅನ್ನೋ ಆ ಕಾರ್ಯಕ್ರಮವನ್ನು ಅಮೆರಿಕ ಸರ್ಕಾರ 1986ರಿಂದ ನಡೆಸುತ್ತಿದೆ. ಕಂಪ್ಯೂಟರ್ ಕೆಲಸದವರಿಗೆ ಬೇಗ ಅರ್ಥ ಆಗುತ್ತೆ: ನೀರಿನ ಸ್ಯಾಂಪಲ್ ಅಂದರೆ ಆ ಕ್ಷಣದ ಸ್ಕ್ರೀನ್‌ಶಾಟ್, ಕಪ್ಪೆಚಿಪ್ಪು ಅಂದರೆ ವಾರಗಟ್ಟಲೆಯ ಲಾಗ್ ಫೈಲ್.

ಕಾರವಾರ, 2006

ಕರ್ನಾಟಕದ ಕರಾವಳಿಗೆ ಈ ಪಾಠ ಪುಸ್ತಕದ್ದಲ್ಲ. 2006ರ ಮೇ 30ರಂದು ‘ಓಷನ್ ಸೆರಾಯ’ ಎಂಬ ಪನಾಮಾ ಧ್ವಜದ ಸರಕು ಹಡಗು ಕಾರವಾರದ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಅದರ ಇಂಧನದ ಎಣ್ಣೆ ಸೋರಿ ದಕ್ಷಿಣ ಗೋವಾದ ಕಡಲತೀರದ ತನಕ ಹೋಯಿತು. ದಿನಾಂಕ ನೋಡಿ: ಮುಂಗಾರು ಬಾಗಿಲಲ್ಲಿ. ಅಲೆ ಏಳುತ್ತಿರುವಾಗ ಎಣ್ಣೆ ತಡೆಯುವ ತೇಲುಬೇಲಿ ಹಾಕೋದು ಕಷ್ಟ. ಹಡಗಿನ ಇಂಧನದ ಎಣ್ಣೆ ಡೀಸೆಲಿನ ಹಾಗೆ ಬೇಗ ಆವಿಯಾಗೋದಿಲ್ಲ. ನೀರು, ಮರಳು ಸೇರಿ ಚಾಕಲೇಟ್ ಬಣ್ಣದ ಮುದ್ದೆಯಾಗಿ ಬಂಡೆಗೆ ಮೆತ್ತಿಕೊಳ್ಳುತ್ತೆ. ಆ ಬಂಡೆಗಳೇ ಪಚ್ಚಿಲೆಯ, ಸಿಂಪಿಯ ಮನೆ. ಕಾರವಾರದ ಎದುರಿನ ದೇವಗಡ ದ್ವೀಪಕ್ಕೆ ಇಂಗ್ಲಿಷರು ಇಟ್ಟ ಹೆಸರೇ ‘ಆಯಿಸ್ಟರ್ ರಾಕ್’, ಅಂದರೆ ಸಿಂಪಿಬಂಡೆ!

ದೊಡ್ಡ ಅಪಘಾತ ಆಗದ ವರ್ಷಗಳಲ್ಲೂ ಮಳೆಗಾಲದ ಆಸುಪಾಸಿನಲ್ಲಿ ಗೋವಾ, ಕಾರವಾರದ ತೀರಕ್ಕೆ ಡಾಂಬರಿನ ಉಂಡೆಗಳು ಬಂದು ಬೀಳ್ತವೆ. ದೂರದಲ್ಲಿ ಹಾದುಹೋಗುವ ಹಡಗು ಟ್ಯಾಂಕ್ ತೊಳೆದು ಬಿಟ್ಟದ್ದೂ ಅದರಲ್ಲಿರುತ್ತೆ. ಪ್ರವಾಸಕ್ಕೆ ಹೋದಾಗ ಪಾದಕ್ಕೆ ಅಂಟಿ, ಸೋಪಿಗೂ ಹೋಗದೆ, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯುವ ಕಪ್ಪು ಅಂಟು ಇದೇ.

2022ರ ಜೂನಿನಲ್ಲಿ ಉಳ್ಳಾಲದ ಎದುರು ‘ಪ್ರಿನ್ಸೆಸ್ ಮಿರಾಲ್’ ಸಿಕ್ಕಿಕೊಂಡಿತು. 2025ರ ಮೇ 25ರಂದು ಕೊಚ್ಚಿಯ ಹತ್ತಿರ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಅದರಲ್ಲಿ 640 ಕಂಟೇನರ್ ಜೊತೆಗೆ ಸುಮಾರು 84 ಟನ್ ಡೀಸೆಲ್, 367 ಟನ್ ಫರ್ನೆಸ್ ಆಯಿಲ್ ಇತ್ತು. ಮೂರೂ ಮೇ ಕೊನೆ, ಜೂನ್ ತಿಂಗಳಲ್ಲೇ ಆದವು. ಮಳೆಗಾಲದ ಅರಬ್ಬಿ ಸಮುದ್ರಕ್ಕೆ ಇದು ಹೊಸದಲ್ಲ.

ಇಂಥದ್ದು ಕುಮಟಾದ ಅಘನಾಶಿನಿ ಅಳಿವೆಯ ಬಾಯಲ್ಲಿ ಆದರೆ? ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಬಳಚು ಆರಿಸ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಆ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಬರುತ್ತಿತ್ತು. ಬೆಲೆ 5.78 ಕೋಟಿ ರೂಪಾಯಿ, ನೇರವಾಗಿ ಕೆಲಸ ಸಿಕ್ಕವರು 2,347 ಜನ. ಬಂಡವಾಳ ಬೇಡ, ಬೋಟ್ ಬೇಡ, ಬುಟ್ಟಿ ಇದ್ದರೆ ಸಾಕು ಅನ್ನೋ ದುಡಿಮೆ ಇದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿತು. ಅದರ ಜೊತೆಗೇ ಸೇರಿದ ಇನ್ನೆರಡು ನಮ್ಮ ಪಕ್ಕದವೇ: ಗದಗ ಜಿಲ್ಲೆಯ ಮಾಗಡಿ ಕೆರೆ, ಹೊಳೆಯ ಆಚೆ ದಂಡೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರ. ಪಟ್ಟಿಗೆ ಸೇರಿದ ಮಾತ್ರಕ್ಕೆ ಎಣ್ಣೆ ದಾರಿ ಬಿಟ್ಟು ಹೋಗೋದಿಲ್ಲ ಅನ್ನೋದು ಬೇರೆ ಮಾತು.

ಏನಾಗಬಹುದು ಅಂತ ತಿಳಿಯೋಕೆ ಹೊರಗಿನ ಉದಾಹರಣೆಗಳಿವೆ. 1978ರ ಮಾರ್ಚಿನಲ್ಲಿ ಫ್ರಾನ್ಸಿನ ಬ್ರಿಟನಿ ತೀರದಲ್ಲಿ ‘ಅಮೋಕೊ ಕಾಡಿಜ್’ ಒಡೆದಾಗ ಅಲ್ಲಿನ ಸಿಂಪಿ ಸಾಕುವವರು ಸಾವಿರಾರು ಟನ್ ಸಿಂಪಿಯನ್ನು ತಾವೇ ನಾಶ ಮಾಡಬೇಕಾಯಿತು. ಬಹಳಷ್ಟು ಜೀವಂತವಾಗೇ ಇದ್ದವು, ಆದರೆ ತಿನ್ನುವ ಹಾಗಿರಲಿಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೆಜ್’ ಎಣ್ಣೆ ಚೆಲ್ಲಿದ ಮೇಲೆ, ಮೇಲಿನ ಕಲ್ಲು ಸ್ವಚ್ಛವಾಗಿ ಕಂಡರೂ ದಟ್ಟವಾಗಿ ಹೆಣೆದುಕೊಂಡಿದ್ದ ಮಸಲ್ ಹಾಸಿನ ಕೆಳಗೆ ಎಣ್ಣೆ ವರ್ಷಗಟ್ಟಲೆ ಹಸಿಯಾಗೇ ಉಳಿಯಿತು. ಗಾಳಿ, ಬಿಸಿಲು, ಅಲೆ ಯಾವುದೂ ಅಲ್ಲಿಗೆ ಮುಟ್ಟೋದಿಲ್ಲ. ಚಿಪ್ಪು ಅಗೆದು ತಿನ್ನುವ ಸಮುದ್ರದ ನೀರುನಾಯಿಗಳಿಗೂ ಅದರಿಂದ ಪೆಟ್ಟು ಬಿತ್ತು.

ಹಾಗಂತ ಎಲ್ಲ ಸಾವಿಗೂ ಎಣ್ಣೆಯನ್ನೇ ಬೈಯೋದು ಸರಿಯಲ್ಲ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಬಾವಿ ಸ್ಫೋಟಿಸಿದಾಗ ಲೂಯಿಸಿಯಾನಾದಲ್ಲಿ ಅಪಾರ ಸಿಂಪಿ ಸತ್ತವು. ಎಣ್ಣೆ ಒಳಗೆ ಬರದಂತೆ ತಳ್ಳೋಕೆ ಅಂತ ಮಿಸಿಸಿಪ್ಪಿ ನದಿಯ ಸಿಹಿನೀರನ್ನು ಜೋರಾಗಿ ಬಿಟ್ಟದ್ದೇ ಅದಕ್ಕೆ ದೊಡ್ಡ ಕಾರಣ, ಉಪ್ಪು ಕಡಿಮೆಯಾಗಿ ಸತ್ತವು. ಇನ್ನೊಂದು: ಅಮೆರಿಕ, ಕೆನಡಾ ತೀರದ ಮೆದುಚಿಪ್ಪಿನ ಒಂದು ಜೀವಿಗೆ ರಕ್ತದ ಕ್ಯಾನ್ಸರಿನಂಥ ರೋಗ ಬರುತ್ತೆ. ಎಣ್ಣೆ ಮಾಲಿನ್ಯವೇ ಕಾರಣ ಇರಬೇಕು ಅಂತ ಎಷ್ಟೋ ಕಾಲ ಅನುಮಾನಿಸಿದರು. 2015ರಲ್ಲಿ ನಿಜ ಗೊತ್ತಾಯಿತು. ಅದು ಕ್ಯಾನ್ಸರ್ ಕೋಶವೇ ನೀರಿನ ಮೂಲಕ ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗ. ನೋಡಿದ ಕೂಡಲೇ ತೀರ್ಪು ಕೊಡೋ ನಮ್ಮ ಚಟಕ್ಕೆ ಈ ಎರಡೂ ಒಳ್ಳೆಯ ಮದ್ದು.

ಮೂವತ್ಮೂರು ಗುಂಟೆ

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿ ಹಡಗಿಲ್ಲ. ಆದರೆ ಗಂಗಾವತಿ, ಕಾರಟಗಿಯ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷೀನ್, ಲಾರಿ ಎಷ್ಟಿವೆ ಅಂತ ಸುಗ್ಗಿಯಲ್ಲಿ ರಸ್ತೆಗೆ ಇಳಿದವರಿಗೆ ಗೊತ್ತು. ಎಲ್ಲದಕ್ಕೂ ಆಯಿಲ್ ಬದಲಿಸಬೇಕು. ಒಂದು ಗ್ಯಾರೇಜಿನಲ್ಲಿ ನಡೆದ ಮಾತು ಇದು:

“ಅಣ್ಣಾ, ಈ ಹಳೇ ಆಯಿಲ್ ಏನ್ ಮಾಡ್ತೀರಿ?”

“ಡ್ರಮ್ಮಿಗೆ ಹಾಕ್ತೀವ್ರಿ ಸರ. ಸೆಂಟ್ರಿಂಗ್‌ನವ್ರು ಹಲಗಿಗೆ ಹಚ್ಚಾಕ ಒಯ್ತಾರ. ಗೆದ್ದಲಾ ಹತ್ತಬಾರ್ದಂತ ಕಟಗಿಗೂ ಬಳೀತಾರ. ಉಳದದ್ದು ವ್ಯಾಪಾರಿ ಬಂದು ಒಯ್ತಾನ.”

“ಮತ್ತ ನೆಲ ತೊಳೆದ ನೀರು?”

“ಅದು ಗಟಾರಕ್ಕ ಹೋಗ್ತೈತಿ. ಇನ್ನೆಲ್ಲಿಗೆ ಹೋಗಬೇಕ್ರಿ?”

ಇದರಲ್ಲಿ ಅವರದೇ ತಪ್ಪು ಅಂತ ನನಗೆ ಅನ್ನಿಸಿಲ್ಲ. ಡ್ರಮ್ ಇಟ್ಟಿದ್ದಾರಲ್ಲ, ಅದೇ ಎಷ್ಟೋ ಕಡೆ ಇಲ್ಲ. ಮನೆ ಮುಂದೆ ತಾವೇ ಆಯಿಲ್ ಬದಲಿಸಿ ಚರಂಡಿಗೆ ಸುರಿಯೋರು, ಕಾಲುವೆಗೆ ಟ್ರ್ಯಾಕ್ಟರ್ ಇಳಿಸಿ ತೊಳೆಯೋರು ಇದ್ದಾರೆ.

ಒಂದು ಸಣ್ಣ ಲೆಕ್ಕ ಮಾಡಿದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣೋಕೆ ಎಣ್ಣೆಯ ಪದರ ಕನಿಷ್ಠ 0.3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು ದಪ್ಪ ಇದ್ದರೆ ಸಾಕು. ಒಂದು ಬೈಕಿನ ಹಳೇ ಆಯಿಲ್ ಸುಮಾರು 1 ಲೀಟರ್. ಅದನ್ನು ಅಷ್ಟು ತೆಳುವಾಗಿ ಹರಡಿದರೆ 3,300 ಚದರ ಮೀಟರ್ ಆಗುತ್ತೆ. ನಮ್ಮ ಭಾಷೆಯಲ್ಲಿ 33 ಗುಂಟೆ, ಮುಕ್ಕಾಲು ಎಕರೆಗಿಂತ ಹೆಚ್ಚು. ಒಂದು ಬೈಕ್, ಒಂದು ಸರ್ವಿಸ್!

ಹಳೇ ಆಯಿಲ್ ಹೊಸದಕ್ಕಿಂತ ಕೆಟ್ಟದ್ದು. ಇಂಜಿನ್ನಿನ ಕಾವಿನಲ್ಲಿ ಅದರೊಳಗೆ ಪಿಎಎಚ್ ಹೆಚ್ಚಾಗುತ್ತೆ, ಸವೆದ ಲೋಹದ ಕಣಗಳು ಸೇರಿಕೊಳ್ಳುತ್ತವೆ. ಕಪ್ಪಗಾಗೋದು ಸುಮ್ಮನೆ ಅಲ್ಲ.

ಯಲಬುರ್ಗಾ, ಕುಷ್ಟಗಿ ಮಳೆ ನಂಬಿದ ಸೀಮೆ. ಹಳ್ಳಗಳು ವರ್ಷದ ಬಹುಪಾಲು ಒಣಗೇ ಇರುತ್ತವೆ. ಹಳ್ಳದಲ್ಲಿ ನೀರೇ ಇಲ್ಲ, ಎಣ್ಣೆ ಎಲ್ಲಿಗೆ ಹೋಗುತ್ತೆ ಅಂತ ಕೇಳಬಹುದು. ಎಲ್ಲಿಗೂ ಹೋಗೋದಿಲ್ಲ, ಅದೇ ತೊಂದರೆ. ರಸ್ತೆ, ಬಸ್‌ಸ್ಟ್ಯಾಂಡ್, ಗ್ಯಾರೇಜಿನ ಅಂಗಳದಲ್ಲಿ ಏಳೆಂಟು ತಿಂಗಳು ಕೂತದ್ದೆಲ್ಲ ಮೊದಲ ದೊಡ್ಡ ಮಳೆಗೆ ಒಂದೇ ಏಟಿಗೆ ಎದ್ದು ಹೊರಡುತ್ತೆ. ಹಿರೇಹಳ್ಳ ಹಿಡಿದು ತುಂಗಭದ್ರೆಗೆ ಸೇರುವ ಮೊದಲ ಕೆಂಪು ನೀರಿನಲ್ಲಿ ಮಣ್ಣಿನ ಜೊತೆ ಇದೂ ಇರುತ್ತೆ. ಎಣ್ಣೆ ಮಣ್ಣಿನ ಕಣಕ್ಕೆ ಅಂಟಿ ತಳಕ್ಕೆ ಕೂರುತ್ತೆ. ಕಪ್ಪೆಚಿಪ್ಪು ಇರೋದೂ ತಳದಲ್ಲೇ. (ಗಿಣಿಗೇರಿ ಕಡೆಯ ಕಾರ್ಖಾನೆಗಳ ಹೊಗೆ, ಬೂದಿಯ ಜಗಳ ಬೇರೆ ಇದೆ. ಅದಕ್ಕೆ ಬೇರೆ ಲೇಖನವೇ ಬೇಕು.)

ಭತ್ತದ ಗದ್ದೆಯಲ್ಲಿ ಇನ್ನೊಂದು ಹಳೇ ಪದ್ಧತಿ ಇತ್ತು. ಜಿಗಿಹುಳ ಬಿದ್ದಾಗ ನಿಂತ ನೀರಿಗೆ ಸೀಮೆಎಣ್ಣೆ ಬಿಟ್ಟು ಪೈರು ಅಲುಗಿಸೋದು. ಹುಳ ನೀರಿಗೆ ಬಿದ್ದು ಸಾಯುತ್ತೆ. ಸೊಳ್ಳೆ ಮರಿ ಕೊಲ್ಲೋಕೂ ಎಣ್ಣೆ ಬಿಡುತ್ತಿದ್ದರು, ಮೇಲಿನ ಪದರ ಅವುಗಳ ಉಸಿರು ಕಟ್ಟಿಸುತ್ತೆ. ಅದೇ ಗದ್ದೆಯಲ್ಲಿ ಏಡಿ, ಬಸವನಹುಳು ಇರುತ್ತವೆ ಅನ್ನೋದು ಯಾರ ಲೆಕ್ಕದಲ್ಲೂ ಇರಲಿಲ್ಲ. ಈಗ ಸೀಮೆಎಣ್ಣೆ ಸಿಗೋದೇ ಅಪರೂಪ. ಅದರ ಜಾಗಕ್ಕೆ ಬಂದ ಔಷಧಗಳು ಏಡಿಗೆ ಒಳ್ಳೇದು ಮಾಡಿವೆ ಅಂತೇನಲ್ಲ.

ಹೊಳೆಯ ಕಪ್ಪೆಚಿಪ್ಪಿಗೆ ಸಮುದ್ರದ ಬಂಧುಗಳಿಗಿಲ್ಲದ ಇನ್ನೊಂದು ಕಷ್ಟ ಇದೆ. ಅದರ ಮರಿ ನೀರಿನಲ್ಲಿ ತಾನೇ ಬೆಳೆಯೋದಿಲ್ಲ. ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಸವಾರಿ ಮಾಡಿ, ಆಮೇಲೆ ಉದುರಿ ತಳ ಸೇರುತ್ತೆ. ಹಾಗಾಗಿ ಮೀನು ಹೋದರೆ ಇದೂ ಹೋಯಿತು. ಮೀನು ಎಣ್ಣೆಯ ವಾಸನೆಗೆ ಜಾಗ ಬಿಟ್ಟು ಓಡಬಹುದು, ಕಾಯುತ್ತಿರುವ ಕಪ್ಪೆಚಿಪ್ಪಿಗೆ ಹಾಗಾಗಲ್ಲ.

ಈ ಹೊಳೆಯ ವ್ಯವಸ್ಥೆಯಲ್ಲೇ ಮೇಲ್ಗಡೆ, ಮಲೆನಾಡಿನ ತುಂಗಾ ಮತ್ತು ಭದ್ರಾ ನದಿಗಳಲ್ಲಿ, ಸಿಹಿನೀರಿನ ಒಂದು ವಿಚಿತ್ರ ಸಿಂಪಿ ಇದೆ. ಹೆಸರು ಸ್ಯೂಡೋಮುಲ್ಲೇರಿಯಾ ಡಾಲ್ಯಿ. 1898ರಲ್ಲಿ ಇ. ಎ. ಸ್ಮಿತ್ ಇದನ್ನು ಮೊದಲು ವಿವರಿಸಿದರು. ಸಮುದ್ರದ ಸಿಂಪಿಯ ಹಾಗೆ ಇದು ಹೊಳೆಯ ಬಂಡೆಗೆ ಸಿಮೆಂಟ್ ಹಾಕಿದಂತೆ ಅಂಟಿಕೊಂಡು ಬಿಡುತ್ತೆ. ಪಶ್ಚಿಮ ಘಟ್ಟದ ನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಅಂಟಿಕೊಂಡ ಮೇಲೆ ಒಂದು ಇಂಚೂ ಸರಿಯಲಾಗದ ಪ್ರಾಣಿ. ಅಲ್ಲಿನ ಊರುಗಳಲ್ಲೂ ಬೈಕ್ ಇವೆ, ಸರ್ವಿಸ್ ಇದೆ, ಗಟಾರ ಇದೆ.

ಮರುವಾಯಿ ಸುಕ್ಕಾ ತಿನ್ನೋರಿಗೆ

ಬೆಂಗಳೂರಿಗೆ ಬಂದ ಮೇಲೆ ಕರಾವಳಿ ಹೋಟೆಲಿನ ಮರುವಾಯಿ ಸುಕ್ಕಾ ರುಚಿ ಹತ್ತಿದ ನಮ್ಮ ಕಡೆಯವರು ಬಹಳ ಜನ ಇದ್ದಾರೆ, ನಾನೂ ಒಬ್ಬ. ಹೆದರಬೇಕಾ? ಒಂದು ತಟ್ಟೆಗೆ ಹೆದರೋ ಅಗತ್ಯ ಇಲ್ಲ. ಕೆಂಡದ ಮೇಲೆ ಸುಟ್ಟ ಮಾಂಸದಲ್ಲೂ ಪಿಎಎಚ್ ಇರುತ್ತೆ. ಯುರೋಪಿನಲ್ಲಿ ಚಿಪ್ಪುಜೀವಿಯ ಮಾಂಸಕ್ಕೆ ಕಾನೂನಿನ ಮಿತಿ ಇದೆ: ಬೆಂಜೊಪೈರೀನ್ ಎಂಬ ಒಂದು ಪಿಎಎಚ್ ಕಿಲೋಗೆ 5 ಮೈಕ್ರೋಗ್ರಾಂ ದಾಟುವಂತಿಲ್ಲ. ಆದರೆ ಎಣ್ಣೆ ಚೆಲ್ಲಿದ ಸುದ್ದಿ ಬಂದ ತೀರದ ಮಾಲು ಅಂತ ಗೊತ್ತಾದರೆ ಕೆಲವು ವಾರ ಬಿಡೋದು ಜಾಣತನ. ಕುದಿಸಿದರೆ ರೋಗಾಣು ಸಾಯುತ್ತೆ, ಪಿಎಎಚ್ ಹೋಗೋದಿಲ್ಲ. ಬೇಯಿಸುವಾಗ ಡೀಸೆಲ್, ಸೀಮೆಎಣ್ಣೆಯ ವಾಸನೆ ಬಂದರೆ ಮಸಾಲೆ ಜಾಸ್ತಿ ಹಾಕಿ ಮುಚ್ಚಬೇಡಿ, ಚೆಲ್ಲಿಬಿಡಿ. ವಾಸನೆ ಇಲ್ಲದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲೂ ಅಲ್ಲ.

ಒಳ್ಳೆಯ ಸುದ್ದಿ ಏನಂದರೆ, ಕಪ್ಪೆಚಿಪ್ಪಿನ ಬಳಗಕ್ಕೆ ಸ್ವಚ್ಛ ನೀರು ಸಿಕ್ಕರೆ ಅವು ತಮ್ಮೊಳಗಿನ ಎಣ್ಣೆಯ ಬಹುಪಾಲನ್ನು ಕೆಲವು ದಿನ, ಕೆಲವು ವಾರಗಳಲ್ಲಿ ಹೊರಗೆ ಹಾಕುತ್ತವೆ. ಒಂದು ಸಲ ಕುಡಿದದ್ದು ಬೇಗ ಹೋಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಕುಡಿದದ್ದು ಹೋಗೋದು ನಿಧಾನ, ಒಂದು ಪಾಲು ಉಳಿದೇ ಬಿಡುತ್ತೆ. ಹಾಗಾಗಿ ಟಿವಿಯಲ್ಲಿ ಬರುವ ದೊಡ್ಡ ಸೋರಿಕೆಗಿಂತ ಬಂದರಿನ ಬೋಟುಗಳ, ಊರಿನ ಗಟಾರದ ದಿನನಿತ್ಯದ ಸೋರಿಕೆಯೇ ನನಗೆ ಹೆಚ್ಚು ಚಿಂತೆಯ ವಿಷಯ ಅನ್ನಿಸುತ್ತೆ. ಅದಕ್ಕೆ ಬ್ರೇಕಿಂಗ್ ನ್ಯೂಸ್ ಇರೋದಿಲ್ಲ.

ಕಾನೂನು ಇಲ್ಲ ಅಂತಲ್ಲ. ಹಳೇ ಇಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತೆ. ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಅದು ಹೋಗಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರುವ ಕಂಪನಿಗಳ ಮೇಲೂ ಹಳೆಯದನ್ನು ಮರುಬಳಕೆ ಮಾಡಿಸುವ ಜವಾಬ್ದಾರಿ ಬಿದ್ದಿದೆ. ಹಳೇ ಆಯಿಲನ್ನು ಶುದ್ಧ ಮಾಡಿ ಮತ್ತೆ ಹೊಸ ಆಯಿಲಿಗೆ ಮೂಲವಸ್ತು ಮಾಡಬಹುದು, ಅದಕ್ಕೇ ವ್ಯಾಪಾರಿ ದುಡ್ಡು ಕೊಟ್ಟು ಒಯ್ಯೋದು. ಮುಂದಿನ ಸಲ ಊರಿಗೆ ಹೋದಾಗ ಬೈಕಿನ ಆಯಿಲ್ ಮನೆ ಮುಂದೆಯೇ ಬದಲಿಸಿದರೆ, ಹೊಸ ಆಯಿಲಿನ ಖಾಲಿ ಡಬ್ಬಿಯನ್ನೇ ಕೆಳಗೆ ಹಿಡಿಯಿರಿ. ಒಂದು ಲೀಟರ್ ಬಂದ ಡಬ್ಬಿಗೆ ಒಂದು ಲೀಟರ್ ವಾಪಸ್ ಹಿಡಿಸುತ್ತೆ. ಮುಚ್ಚಳ ಹಾಕಿ ಗ್ಯಾರೇಜಿನ ಡ್ರಮ್ಮಿಗೆ ಒಯ್ದು ಸುರಿದರೆ ಆಯಿತು. ನೆಲಕ್ಕೆ ಚೆಲ್ಲಿದ್ದಕ್ಕೆ ನೀರು ಹೊಡೀಬೇಡಿ, ಗರಗಸದ ಹೊಟ್ಟು ಹಾಕಿ ಒರೆಸಿ ತೆಗೀರಿ. ಗಂಗಾವತಿಯಲ್ಲಾದರೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತೆ.